ಕೃಷಿ ಹೊಂಡ ತೋಡುವಾಗ ಜೀವವನ್ನೂ ಮಣ್ಣನ್ನೂ ಕಾಪಾಡಿರಿ



ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಹಿಂದೆಗೆದರೆ ವರ್ಷದ ದುಡಿಮೆಯೇ ಹೋಗುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಕೆರೆ ಕಟ್ಟಿಸಿದವರೆಂದು ಇಂದಿಗೂ ಸ್ಮರಿಸುವ ನಮಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2014ರಲ್ಲಿ ಕೃಷಿಭಾಗ್ಯ ಯೋಜನೆ ಪ್ರಾರಂಭವಾದ ಮೇಲೆ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಇದು ಸಂತೋಷದ ವಿಷಯ. ಆದರೆ ಹೊಂಡವೂ ಒಂದು ಕಾಮಗಾರಿಯೇ. ಅಣೆಕಟ್ಟಿಗೆ ಬೇಕಾದ ಎಚ್ಚರಿಕೆ ಇದಕ್ಕೂ ಬೇಕು.

ಮೇಲ್ಮಣ್ಣನ್ನು ಬೇರೆ ಇಡಿರಿ

ಉದ್ದಗಲ 10 ಮೀಟರ್, ಆಳ 3 ಮೀಟರ್ ಇರುವ ಹೊಂಡವನ್ನು ತೆಗೆದುಕೊಳ್ಳೋಣ. ಇಳಿಜಾರು ಬಿಟ್ಟು ತೋಡಿದರೆ ಇದರಲ್ಲಿ ಸುಮಾರು ಒಂದೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಹೊರಬರುವ ಮಣ್ಣಿನ ತೂಕ 200 ಟನ್ನಿಗೂ ಹೆಚ್ಚು. ಇದರಲ್ಲಿ ಮೇಲಿನ ಒಂದು ಗೇಣು ಮಣ್ಣು ಮಾತ್ರ ಬೆಳೆಯನ್ನು ಪೋಷಿಸುವ ಮಣ್ಣು. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಹಿಡಿಯುತ್ತದೆ. ಯಂತ್ರದವರು ಎಲ್ಲವನ್ನೂ ಒಟ್ಟಿಗೆ ಅಗೆದು ಸುರಿದರೆ ಸಾರವಿಲ್ಲದ ಒಳಮಣ್ಣು ಮೇಲೆ ಬಂದು ಅಷ್ಟು ಜಾಗ ಬಂಜರಾಗುತ್ತದೆ. ಆದ್ದರಿಂದ ಮೊದಲು ಮೇಲ್ಮಣ್ಣನ್ನು ತೆಗೆಸಿ ಬೇರೆ ಗುಡ್ಡೆ ಹಾಕಿಸಿ ಹೊಲಕ್ಕೆ ಹರಡಿರಿ. ಒಳಮಣ್ಣನ್ನು ಬದುಗಳಿಗೆ ಉಪಯೋಗಿಸಿರಿ. ಹಳ್ಳಕ್ಕೆ ತಳ್ಳಿದ ಮಣ್ಣು ಮುಂದಿನ ಮಳೆಗೆ ಕೆಳಗಿನ ಕೆರೆಯ ಹೂಳಾಗುತ್ತದೆ.

ಅಗೆಯುವವರ ಸುರಕ್ಷತೆ

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ತೂಗುತ್ತದೆ. ಎದೆಯವರೆಗೆ ಮಣ್ಣು ಬಿದ್ದವನು ತಲೆ ಹೊರಗಿದ್ದರೂ ಉಸಿರಾಡಲಾರ. ಆದ್ದರಿಂದ ಗೋಡೆಯನ್ನು ನೆಟ್ಟಗೆ ಕಡಿಯಬಾರದು. ಗಟ್ಟಿ ನೆಲದಲ್ಲಿ ಒಂದು ಅಡಿ ಆಳಕ್ಕೆ ಒಂದು ಅಡಿಯಂತೆ, ಎರೆಯಲ್ಲಿಯೂ ಮರಳು ಮಣ್ಣಿನಲ್ಲಿಯೂ ಒಂದೂವರೆ ಅಡಿಯಂತೆ ಇಳಿಜಾರು ಬಿಡಬೇಕು. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ 5 ಅಡಿ ದೂರವಿರಲಿ. ಅಂಚಿನಲ್ಲಿ ಬಿರುಕು ಕಂಡರೆ ಕೂಡಲೇ ಎಲ್ಲರೂ ಮೇಲೆ ಬರತಕ್ಕದ್ದು. ನೆರಳಿದೆಯೆಂದು ಗೋಡೆಯ ಬುಡದಲ್ಲಿ ಬುತ್ತಿ ಬಿಚ್ಚುವುದು ಬೇಡ. ಯಂತ್ರದ ಕೈ ತಿರುಗುವ ಸುತ್ತಿನಲ್ಲಿ ಯಾರೂ ನಿಲ್ಲಬಾರದು. ವಿದ್ಯುತ್ ತಂತಿಯ ಕೆಳಗೆ ಹೊಂಡಕ್ಕೆ ಜಾಗ ಆರಿಸಲೇಬಾರದು.

ನೀರು ತುಂಬಿದ ಮೇಲೆ

ನಿಜವಾದ ಅಪಾಯ ಇಲ್ಲಿಂದ ಮುಂದೆ. ಕೆರೆಯ ದಡದಲ್ಲಿ ಕಾಲಿಗೆ ಆಸರೆ ಸಿಗುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಸಿಗುವುದಿಲ್ಲ. ಒದ್ದೆಯಾಗಿ ಪಾಚಿ ಕಟ್ಟಿದ ಹಾಳೆಯ ಮೇಲೆ ಈಜು ಬಲ್ಲವನೂ ಹತ್ತಲಾರ. ಎಮ್ಮೆ ಮೇಯಿಸುವ ಮಗು, ನೀರಿಗೆ ಬಗ್ಗಿದ ಕುರಿ ಎರಡೂ ಒಮ್ಮೆ ಜಾರಿದರೆ ಮುಗಿಯಿತು. ಬಿದ್ದವರನ್ನು ಎತ್ತಲು ಹಾರಿದವರೂ ಮುಳುಗುವುದುಂಟು.

ಇದಕ್ಕೆ ಉಪಾಯ ದೊಡ್ಡದಲ್ಲ:

1. ಸುತ್ತಲೂ ಆಳೆತ್ತರದ ತಂತಿ ಬೇಲಿ, ಬೀಗ ಹಾಕುವ ಬಾಗಿಲು.
2. ನಾಲ್ಕು ಕಡೆಯೂ ಗೂಟಕ್ಕೆ ಬಿಗಿದು ನೀರಿನೊಳಗೆ ಇಳಿಬಿಟ್ಟ, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗ.
3. ದಡದಲ್ಲಿ ಗಾಳಿ ತುಂಬಿದ ಹಳೆಯ ಟ್ರಾಕ್ಟರ್ ಟ್ಯೂಬು ಮತ್ತು ಉದ್ದನೆಯ ಗಳು.
4. ಯಾರಾದರೂ ಬಿದ್ದರೆ ನೀರಿಗೆ ಹಾರದೆ ಹಗ್ಗ, ಗಳು, ಸೀರೆ ಏನಾದರೂ ಎಸೆದು ಎಳೆಯಿರಿ. 108ಕ್ಕೆ ಕರೆ ಮಾಡಿರಿ.

ನೀರಿನ ಹಾದಿ

ನೀರು ಒಳಬರುವ ಬಾಯಿಯಲ್ಲಿ ಒಂದು ಸಣ್ಣ ಗುಂಡಿ ತೋಡಿದರೆ ಹೂಳು ಅಲ್ಲಿಯೇ ನಿಲ್ಲುತ್ತದೆ. ಹೆಚ್ಚಿನ ನೀರು ಹೋಗಲು ಕೋಡಿ ಬಿಟ್ಟು, ಅದರ ಉದ್ದಕ್ಕೂ ಹುಲ್ಲು ಬೆಳೆಸಿರಿ. ಇಲ್ಲವಾದರೆ ನಮ್ಮ ಹೊಂಡದ ನೀರು ನೆರೆಯವನ ಬದುವನ್ನು ಕೊರೆಯುತ್ತದೆ. ಹಳ್ಳಕ್ಕೆ ಅಡ್ಡವಾಗಿ ಹೊಂಡ ತೋಡಬೇಡಿರಿ. ಹರಿದುಹೋದ ಪ್ಲಾಸ್ಟಿಕ್ಕನ್ನು ಹೊಲದಲ್ಲಿ ಹೂಳುವುದಾಗಲಿ ಸುಡುವುದಾಗಲಿ ಸಲ್ಲದು.

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ದೊಡ್ಡ ಸಂಸ್ಥೆಗಳ ಕಾಮಗಾರಿ ಪ್ರಾರಂಭವಾದಾಗ ಮೇವಿನ ಭೂಮಿಯ ಗತಿಯೇನೆಂಬ ಪ್ರಶ್ನೆ ಎದ್ದು, 2013ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. ಮಣ್ಣು ಎಲ್ಲಿಗೆ ಹೋಗುತ್ತದೆ, ನೀರು ಎಲ್ಲಿ ಹರಿಯುತ್ತದೆ, ದನಕರುಗಳಿಗೆ ದಾರಿಯೇನು ಎಂದು ದೊಡ್ಡವರನ್ನು ಕೇಳುವ ನಾವು ನಮ್ಮ ಹೊಂಡದ ಬಗ್ಗೆಯೂ ಅದನ್ನೇ ಕೇಳಿಕೊಳ್ಳಬೇಕು.

ಆದುದರಿಂದ ಖರ್ಚಿನ ಲೆಕ್ಕ ಬರೆಯುವಾಗ ಯಂತ್ರದ ಬಾಡಿಗೆ, ಪ್ಲಾಸ್ಟಿಕ್ಕಿನ ಬೆಲೆಗಳ ಜೊತೆಗೆ ಬೇಲಿಯನ್ನೂ ಹಗ್ಗವನ್ನೂ ಮೊದಲೇ ಸೇರಿಸಿರಿ. ಬೇಲಿಯನ್ನು ಮುಂದಿನ ವರ್ಷಕ್ಕೆ ಬಿಡಬೇಡಿರಿ. ಹೊಂಡ ತುಂಬಲು ಒಂದೇ ರಾತ್ರಿಯ ಮಳೆ ಸಾಕು. ಈಗಾಗಲೇ ಹೊಂಡವಿರುವವರು ಈ ವಾರವೇ ಹಗ್ಗ ಕಟ್ಟಿರಿ.