ಮನೆಯ ಕಂಪ್ಯೂಟರಿಗೊಂದು ಪಡಿಯಚ್ಚು



ಕಾರ್ಯಕ್ರಮ ಮುಗಿದ ಮೇಲೆ ಬರುವ ಫೋನ್ ಕರೆಗಳು ಹೆಚ್ಚಾಗಿ ಹಾಡುಗಳ ಬಗ್ಗೆಯೇ ಇರುತ್ತವೆ. ಕುಷಾಯಿಗೂಡದಿಂದ ಹಿರಿಯ ಕೇಳುಗರೊಬ್ಬರು ಮಾಡಿದ ಕರೆ ಮಾತ್ರ ಹಾಗಿರಲಿಲ್ಲ. ರಾಯಚೂರು ಕಡೆಯವರು, ನೌಕರಿಗೆಂದು ಬಂದು ಇಲ್ಲೇ ನೆಲೆಸಿದವರು. "ಕಂಪ್ಯೂಟರ್ ರಿಪೇರಿ ಆಯ್ತು ನೋಡ್ರಿ, ಆದ್ರ ಮಗಳ ಪತ್ರ ಹೋದ್ವು" ಎಂದರು.

ನಡೆದದ್ದು ಇಷ್ಟು. ಅವರು ಕಂಪ್ಯೂಟರ್ ಕೊಂಡದ್ದು 2004ರಲ್ಲಿ, ಮಗಳು ಅಮೆರಿಕಕ್ಕೆ ಹೋದ ವರ್ಷ. ಐದಾರು ವರ್ಷ ಆಕೆ ವಾರಕ್ಕೊಮ್ಮೆಯಾದರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಇ-ಮೇಲ್ ಕಳಿಸುತ್ತಿದ್ದಳು. ಅವೆಲ್ಲ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಬಂದು ಕೂರುತ್ತಿದ್ದವು. ಒಂದು ದಿನ ವಿಂಡೋಸ್ ತೆರೆಯಲೇ ಇಲ್ಲ. ರಿಪೇರಿಗೆ ಬಂದ ಹುಡುಗ "ಏನೇನು ಉಳಿಸಬೇಕು ಸಾರ್?" ಎಂದು ಕೇಳಿದ. "ಮೈ ಡಾಕ್ಯುಮೆಂಟ್ಸ್‌ನಲ್ಲಿ ಇರುವುದೆಲ್ಲ" ಎಂದರು ಇವರು. ಹುಡುಗ ಹೇಳಿದಷ್ಟನ್ನೂ ಉಳಿಸಿಕೊಟ್ಟು, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ ಹೋದ. ಆತನದೇನೂ ತಪ್ಪಿಲ್ಲ. ಆದರೆ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಮೇಲ್‌ಗಳು ಮೈ ಡಾಕ್ಯುಮೆಂಟ್ಸ್‌ನಲ್ಲಿ ಇರುತ್ತಿರಲಿಲ್ಲ. ಸಾಮಾನ್ಯವಾಗಿ ಕಣ್ಣಿಗೇ ಕಾಣದ, ಬಚ್ಚಿಟ್ಟ ಒಂದು ಫೋಲ್ಡರಿನಲ್ಲಿ ಇರುತ್ತಿದ್ದವು. ಆಗಿನ ಪದ್ಧತಿಯಲ್ಲಿ ಮೇಲ್ ಒಮ್ಮೆ ಮನೆಗೆ ಇಳಿದರೆ ಕಂಪನಿಯ ಸರ್ವರಿನಿಂದ ಅಳಿದುಹೋಗುತ್ತಿತ್ತು. ಮಗಳು ಬರೆಯುತ್ತಿದ್ದ ಆಫೀಸಿನ ವಿಳಾಸವೂ ಎಂದೋ ಮುಚ್ಚಿತ್ತು. ಅಲ್ಲಿಗೆ ಮುಗಿಯಿತು.

ನಾನು ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತ ಆಸಾಮಿ, ಕಂಪ್ಯೂಟರ್ ಪಂಡಿತನಲ್ಲ. ಆದರೂ ಆ ಕರೆ ಮನಸ್ಸಿನಿಂದ ಹೋಗಲಿಲ್ಲ. ತಿಳಿದವರನ್ನು ಕೇಳಿ, ನನ್ನ ಮನೆಯ ಕಂಪ್ಯೂಟರಿನ ಮೇಲೆ ಮಾಡಿ ನೋಡಿ, ಇದನ್ನು ಬರೆಯುತ್ತಿದ್ದೇನೆ.

ನಕಲು ಬೇರೆ, ಪಡಿಯಚ್ಚು ಬೇರೆ

ಮನೆ ಖಾಲಿ ಮಾಡುವಾಗ ಏನು ಮಾಡುತ್ತೀರಿ? ನೆನಪಿರುವ ಸಾಮಾನನ್ನು ಕಟ್ಟಿಕೊಳ್ಳುತ್ತೀರಿ. ಅಟ್ಟದ ಮೇಲಿನ ಟ್ರಂಕು ಮರೆತೇ ಹೋಗುತ್ತದೆ. ಫೈಲುಗಳನ್ನು ಪೆನ್ ಡ್ರೈವಿಗೆ ಕಾಪಿ ಮಾಡುವುದು ಹೀಗೆಯೇ. ನಿಮಗೆ ನೆನಪಿದ್ದದ್ದು, ಎಲ್ಲಿದೆ ಎಂದು ಗೊತ್ತಿದ್ದದ್ದು ಮಾತ್ರ ಉಳಿಯುತ್ತದೆ.

ಹಾರ್ಡ್ ಡಿಸ್ಕಿನ ಇಮೇಜ್ ಎಂದರೆ ಇಡೀ ಮನೆಯ ಪಡಿಯಚ್ಚು. ಡಿಸ್ಕಿನ ಮೇಲೆ ಮಾಹಿತಿ ಸೆಕ್ಟರ್ ಎಂಬ ಚಿಕ್ಕ ಚಿಕ್ಕ ಮನೆಗಳಲ್ಲಿ ಕೂತಿರುತ್ತದೆ. ಇಮೇಜ್ ಮಾಡುವ ತಂತ್ರಾಂಶ "ಇದು ಫೋಟೋ, ಇದು ಪತ್ರ" ಎಂದು ನೋಡುವುದಿಲ್ಲ, ತುಂಬಿರುವ ಮನೆಗಳನ್ನೆಲ್ಲ ಓದಿ ಬರೆದುಕೊಳ್ಳುತ್ತದೆ. ವಿಂಡೋಸ್, ನೀವು ಹಾಕಿಕೊಂಡ ತಂತ್ರಾಂಶಗಳು, ಪ್ರಿಂಟರಿನ ಡ್ರೈವರ್, ನುಡಿ ಮತ್ತು ಬರಹದ ಹಳೆಯ ಫಾಂಟುಗಳು, ಬಚ್ಚಿಟ್ಟ ಫೋಲ್ಡರುಗಳು, ಕಂಪ್ಯೂಟರ್ ಹೇಗೆ ಶುರುವಾಗಬೇಕು ಎಂಬ ಸೂಚನೆ, ಎಲ್ಲವೂ ಅದರಲ್ಲಿ ಸೇರುತ್ತವೆ. ಅದನ್ನೆಲ್ಲ ಅಡಕಗೊಳಿಸಿ ಇನ್ನೊಂದು ಡಿಸ್ಕಿನಲ್ಲಿ ಇಡುತ್ತದೆ. ನಾಳೆ ಡಿಸ್ಕು ಕೆಟ್ಟರೆ ಹೊಸದನ್ನು ಹಾಕಿ, ಪಡಿಯಚ್ಚನ್ನು ಅದರ ಮೇಲೆ ಇಳಿಸಿದರೆ ಆಯಿತು. ಇಮೇಜ್ ಮಾಡಿದ ದಿನ ಕಂಪ್ಯೂಟರ್ ಹೇಗಿತ್ತೋ ಹಾಗೇ ಎದ್ದು ಕೂರುತ್ತದೆ.

ಏನು ಎಲ್ಲಿದೆ ಎಂದು ನಿಮಗೆ ಗೊತ್ತಿರಬೇಕಾಗಿಲ್ಲ. ಇಮೇಜಿನ ದೊಡ್ಡ ಉಪಕಾರ ಇದೇ. ಆ ಹಿರಿಯರ ಬಳಿ ಒಂದು ಇಮೇಜ್ ಇದ್ದಿದ್ದರೆ ಮಗಳ ಪತ್ರಗಳು ತಾವಾಗಿ ಉಳಿಯುತ್ತಿದ್ದವು.

ಕುಷಾಯಿಗೂಡದ ನಂಟು

ಅಂದ ಹಾಗೆ, ಕುಷಾಯಿಗೂಡಕ್ಕೂ ಕಂಪ್ಯೂಟರಿಗೂ ಹಳೆಯ ನಂಟು. ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುವ ಇಸಿಐಎಲ್ ಎಂದರೆ ಅಣುಶಕ್ತಿ ಇಲಾಖೆಯಡಿ 1967ರಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ. ಅದನ್ನು ಕಟ್ಟಿ ಬೆಳೆಸಿದವರು ಎ.ಎಸ್. ರಾವ್. ಪಕ್ಕದ ಬಡಾವಣೆಗೆ ಅವರದೇ ಹೆಸರು. ಟ್ರಾಂಬೆಯ ವಿಜ್ಞಾನಿಗಳ ವಿನ್ಯಾಸದ ಟಿಡಿಸಿ-12 ಎಂಬ ದೇಶೀ ಕಂಪ್ಯೂಟರ್ 1969ರಲ್ಲಿ ಇಸಿಐಎಲ್ ಹೆಸರಿನಲ್ಲೇ ಹೊರಬಂತು. ಆ ಕಾಲದ ಕಂಪ್ಯೂಟರುಗಳಿಗೆ ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಪ್ರೋಗ್ರಾಮ್ ಓದಿಸುವುದು ರೂಢಿಯಲ್ಲಿತ್ತು. ಪಟ್ಟಿ ಹರಿದರೆ ಕೆಲಸವೇ ನಿಂತಂತೆ. ಹೀಗಾಗಿ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದು ಕಂಪ್ಯೂಟರಿನಷ್ಟೇ ಹಳೆಯ ಅಭ್ಯಾಸ.

ಇಡೀ ಡಿಸ್ಕಿನ ಪಡಿಯಚ್ಚನ್ನು ಮನೆಮಾತಾಗಿಸಿದ್ದು 1995ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಘೋಸ್ಟ್ ಎಂಬ ತಂತ್ರಾಂಶ. 1998ರಲ್ಲಿ ಸಿಮ್ಯಾಂಟೆಕ್ ಕಂಪನಿ ಅದನ್ನು ಕೊಂಡಿತು. ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸುಗಳಲ್ಲಿ ಕಲಿತವರು "ಘೋಸ್ಟ್ ಮಾಡು" ಎಂದು ಕ್ರಿಯಾಪದವಾಗಿಯೇ ಬಳಸುವುದನ್ನು ನೀವು ಕೇಳಿರಬಹುದು. ಮನೆಬಳಕೆಯ ನಾರ್ಟನ್ ಘೋಸ್ಟ್ 2013ರಲ್ಲಿ ನಿಂತುಹೋಯಿತು. ಇಂದು ಕಾಸು ಕೊಡದೆ ಸಿಗುವವುಗಳಲ್ಲಿ ಹೆಸರಾದದ್ದು ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ. ಅದರ ಪರದೆ ಬರೀ ಅಕ್ಷರಮಯ, ಹೊಸಬರಿಗೆ ಭಯ ಹುಟ್ಟಿಸುತ್ತದೆ. ಅದೇ ಬಗೆಯ ಇಮೇಜನ್ನು ಮೌಸಿನಿಂದ ಒತ್ತಿ ಒತ್ತಿ ಮಾಡಬಹುದಾದದ್ದು ರೆಸ್ಕ್ಯೂಜಿಲ್ಲಾ. ಮನೆಮಂದಿಗೆ ಇದು ಸುಲಭ.

ಮಾಡುವ ಕ್ರಮ

1. ಹೊರಗಿನಿಂದ ಜೋಡಿಸುವ ಯುಎಸ್‌ಬಿ ಹಾರ್ಡ್ ಡಿಸ್ಕ್ ಒಂದು ಬೇಕು. ನಿಮ್ಮ ಡಿಸ್ಕಿನಲ್ಲಿ ತುಂಬಿರುವುದಕ್ಕಿಂತ ಹೆಚ್ಚು ಜಾಗ ಅದರಲ್ಲಿರಲಿ. ಫೋಟೋ, ಎಂಪಿ3, ಸಿನಿಮಾ ಮೊದಲೇ ಅಡಕವಾಗಿರುವುದರಿಂದ ಇಮೇಜ್ ತೀರಾ ಚಿಕ್ಕದಾಗುತ್ತದೆ ಎಂದು ನಂಬಬೇಡಿ.

2. ರೆಸ್ಕ್ಯೂಜಿಲ್ಲಾವನ್ನು ಇಳಿಸಿಕೊಂಡು, ರೂಫಸ್‌ನಂಥ ತಂತ್ರಾಂಶದಿಂದ ಒಂದು ಪೆನ್ ಡ್ರೈವಿಗೆ ಬರೆಯಿರಿ. 8 ಜಿಬಿಯದು ಸಾಕು. ಆ ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ.

3. ವಿಂಡೋಸನ್ನು ಪೂರ್ತಿ ಮುಚ್ಚಿ. ವಿಂಡೋಸ್ 10 ಮತ್ತು 11ರಲ್ಲಿ ಸಾಮಾನ್ಯ ಶಟ್‌ಡೌನ್ ಎಂದರೆ ಅರೆನಿದ್ದೆಯೂ ಆಗಿರಬಹುದು. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್‌ಡೌನ್ ಒತ್ತಿದರೆ ಪೂರ್ತಿ ಮುಚ್ಚುತ್ತದೆ. ಇಲ್ಲದಿದ್ದರೆ ಇಮೇಜ್ ಅರ್ಧಕ್ಕೇ ತಕರಾರು ತೆಗೆಯಬಹುದು.

4. ಪೆನ್ ಡ್ರೈವ್ ಚುಚ್ಚಿ ಕಂಪ್ಯೂಟರ್ ಹಚ್ಚಿ. ಮೊದಲ ಕ್ಷಣಗಳಲ್ಲಿ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ಎಲ್ಲಿಂದ ಶುರುವಾಗಬೇಕು ಎಂದು ಕೇಳುತ್ತದೆ. ಕೀಲಿ ಯಾವುದು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪೆನ್ ಡ್ರೈವನ್ನು ಆರಿಸಿ.

5. ಬ್ಯಾಕಪ್ ಒತ್ತಿ. ಯಾವ ಡಿಸ್ಕಿನಿಂದ, ಯಾವ ಡಿಸ್ಕಿಗೆ ಎಂದು ಹೇಳಿ. ಪಾರ್ಟಿಷನ್‌ಗಳನ್ನೆಲ್ಲ ಆರಿಸಿ. ಇಮೇಜಿಗೆ ತಾರೀಖಿನ ಹೆಸರು ಕೊಡಿ.

6. ಕಾಯಿರಿ. ಹಳೆಯ ಯುಎಸ್‌ಬಿ 2 ಆದರೆ 100 ಜಿಬಿಗೆ ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಯುಎಸ್‌ಬಿ 3 ಆದರೆ ಅದರ ಮೂರನೇ ಒಂದು ಪಾಲಿನ ಹೊತ್ತು ಸಾಕಾಗಬಹುದು. ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂರಬೇಡಿ.

7. ಮುಗಿದ ಮೇಲೆ ವೆರಿಫೈ ಒತ್ತಿ ಪರೀಕ್ಷಿಸಿ. ಜೊತೆಗೆ ಇಮೇಜ್ ಒಳಗಿನ ಒಂದೆರಡು ಫೈಲುಗಳನ್ನು ತೆರೆದು ನೋಡಿ. ಅದಕ್ಕೂ ರೆಸ್ಕ್ಯೂಜಿಲ್ಲಾದಲ್ಲಿ ಸೌಲಭ್ಯ ಇದೆ. ಪರೀಕ್ಷೆ ಮಾಡದ ಪಡಿಯಚ್ಚು ಓದದೆ ಸಹಿ ಹಾಕಿದ ಕಾಗದದ ಹಾಗೆ.

ಒಂದು ಎಚ್ಚರಿಕೆ. ಬ್ಯಾಕಪ್ ಪಕ್ಕದಲ್ಲೇ ರಿಸ್ಟೋರ್ ಎಂಬ ಗುಂಡಿಯೂ ಇರುತ್ತದೆ. ಅದನ್ನು ಒತ್ತಿ ಡಿಸ್ಕುಗಳನ್ನು ಅದಲುಬದಲು ಮಾಡಿದಿರೋ, ಇದ್ದದ್ದೂ ಅಳಿಯುತ್ತದೆ. ಡಿಸ್ಕಿನ ಗಾತ್ರ ಮತ್ತು ಕಂಪನಿಯ ಹೆಸರು ನೋಡಿ, ಎರಡು ಸಲ ಓದಿ, ಆಮೇಲೆ ಒತ್ತಿ.

ಇನ್ನೂ ನಾಲ್ಕು ಮಾತು

ಇಮೇಜನ್ನು ಇಳಿಸುವ ಹೊಸ ಡಿಸ್ಕು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಬೇರೆ ಕಂಪ್ಯೂಟರಿಗೆ ಇಳಿಸಿದರೆ ವಿಂಡೋಸ್ ಏಳದೆಯೂ ಹೋಗಬಹುದು, ಆ ಯಂತ್ರದ ಬಿಡಿಭಾಗಗಳು ಬೇರೆಯವಲ್ಲವೇ? ಆಗಲೂ ಒಳಗಿನ ಫೈಲುಗಳನ್ನು ತೆಗೆದುಕೊಳ್ಳಬಹುದು.

ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಮೊದಲೇ ಹಾಕಿರುವುದುಂಟು. ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಕೀಲಿ ಕಳೆದರೆ ಪಡಿಯಚ್ಚೂ ಬೀಗ ಹಾಕಿದ ಪೆಟ್ಟಿಗೆಯೇ.

ಡಿಸ್ಕು ಈಗಾಗಲೇ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮೇಲಿನ ಕ್ರಮ ಬೇಡ. ಕಂಪ್ಯೂಟರನ್ನು ಆರಿಸಿ. ದುರಸ್ತಿಯ ತಂತ್ರಾಂಶಗಳನ್ನು ಅದರ ಮೇಲೆ ಓಡಿಸುವುದು ಮುರಿದ ಕಾಲಿನವರನ್ನು ಓಡಿಸಿದ ಹಾಗೆ. ಇಂಥ ಡಿಸ್ಕಿಗೆಂದೇ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಇದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ, ಕೆಟ್ಟ ಭಾಗಕ್ಕೆ ಆಮೇಲೆ ಮರಳುತ್ತದೆ. ಬಲ್ಲವರ ಕೈಗೆ ಕೊಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಕ್ಕಳೋ ಅಂಗಡಿಯವರೋ "11ಕ್ಕೆ ಬದಲಾಯಿಸೋಣ" ಎನ್ನುತ್ತಿದ್ದರೆ, ಬದಲಾಯಿಸುವ ಮುನ್ನ ಒಂದು ಇಮೇಜ್ ತೆಗೆಸಿ. ರಿಪೇರಿಗೆ ಕೊಡುವಾಗಲೂ ಇದೇ ಮಾತು. "ಏನೇನು ಉಳಿಸಬೇಕು?" ಎಂದು ಕೇಳಿದರೆ "ಮೊದಲು ಇಡೀ ಡಿಸ್ಕಿನ ಇಮೇಜ್ ತೆಗಿ, ಆಮೇಲೆ ಮುಟ್ಟು" ಎನ್ನಿ.

ಎಲ್ಲಿಡಬೇಕು?

2020ರ ಅಕ್ಟೋಬರ್ 13ರ ರಾತ್ರಿ ನಿಮಗೆ ನೆನಪಿರಬಹುದು. ಕುಷಾಯಿಗೂಡದಿಂದ ಪೂರ್ವಕ್ಕಿರುವ ಘಟ್ಕೇಸರದಲ್ಲಿ ಒಂದೇ ದಿನ 30 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿತ್ತು. ಊರಿನ ಎಷ್ಟೋ ಮನೆಗಳ ನೆಲಮಹಡಿಗೆ ನೀರು ನುಗ್ಗಿತು. ಕಂಪ್ಯೂಟರ್ ಮೇಜಿನ ಮೇಲೆ, ಬ್ಯಾಕಪ್ ಡಿಸ್ಕು ಅದೇ ಮೇಜಿನ ಡ್ರಾಯರಿನಲ್ಲಿ ಇದ್ದರೆ ಎರಡೂ ಒಟ್ಟಿಗೇ ಮುಳುಗುತ್ತವೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ವೈರಸ್ ಇನ್ನೊಂದು ಪಾಠ ಕಲಿಸಿತು. ಕಂಪ್ಯೂಟರಿಗೆ ಜೋಡಿಸಿಯೇ ಬಿಟ್ಟ ಡಿಸ್ಕುಗಳಿಗೂ ಅದು ಬೀಗ ಜಡಿಯುತ್ತಿತ್ತು.

ಅದಕ್ಕೇ ತಿಳಿದವರು ಹೇಳುವ ಲೆಕ್ಕ 3-2-1. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಇಮೇಜ್ ಮಾಡಿದ ಮೇಲೆ ಡಿಸ್ಕನ್ನು ಕಿತ್ತಿಡಿ. ಇನ್ನೊಂದು ಪ್ರತಿಯನ್ನು ತಮ್ಮನ ಮನೆಯಲ್ಲೋ ಗೆಳೆಯರ ಬೀರುವಿನಲ್ಲೋ ಇಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಇಮೇಜ್ ಸಾಕು. ನಡುವೆ ತೆಗೆದ ಫೋಟೋ, ಬರೆದ ಕಾಗದಗಳನ್ನು ವಾರಕ್ಕೊಮ್ಮೆ ಬೇರೆಯಾಗಿ ಕಾಪಿ ಮಾಡಿಕೊಳ್ಳಿ. ಹಿಂದಿನ ಇಮೇಜಿನಲ್ಲಿ ನಿನ್ನೆಯ ಫೋಟೋ ಇರುವುದಿಲ್ಲ ತಾನೇ?

ನಮ್ಮ ರೇಡಿಯೋದಲ್ಲಿ ಮಾತು ಗಾಳಿಯಲ್ಲಿ ಹೋದ ಮೇಲೆ ಮರಳುವುದಿಲ್ಲ, ಯಾರಾದರೂ ಧ್ವನಿಮುದ್ರಿಸಿಕೊಂಡಿದ್ದರೆ ಮಾತ್ರ ಉಂಟು. ಕಂಪ್ಯೂಟರಿನಲ್ಲಿ ಇದ್ದದ್ದು ಅಲ್ಲೇ ಇರುತ್ತದೆ ಎಂದು ನಾವು ನಂಬಿಬಿಡುತ್ತೇವೆ.

ಆ ಹಿರಿಯರಿಗೆ ನಾನು ಮರಳಿ ಫೋನ್ ಮಾಡಿದೆ. ಹೊಸ ಕಂಪ್ಯೂಟರಿನ ಇಮೇಜ್ ತೆಗೆಸಿ ಎರಡು ಕಡೆ ಇಟ್ಟಿದ್ದಾರಂತೆ. ಮಗಳ ಪತ್ರಗಳಲ್ಲಿ ಉಳಿದವು ಎರಡೇ, ಅಜ್ಜಿಗೆ ಓದಿ ಹೇಳಲೆಂದು ಅಂದು ಪ್ರಿಂಟ್ ತೆಗೆಸಿದ್ದವು. ಅವನ್ನು ಈಗ ಸ್ಕ್ಯಾನ್ ಮಾಡಿಸಿದ್ದಾರೆ.

ನಿಮ್ಮ ಕಂಪ್ಯೂಟರಿನ ಅಟ್ಟದ ಮೇಲೆ ಏನಿದೆಯೋ ನಿಮಗೂ ಪೂರ್ತಿ ಗೊತ್ತಿರಲಾರದು. ಬರುವ ಭಾನುವಾರ, ನಮ್ಮ ಕಾರ್ಯಕ್ರಮ ಕೇಳುತ್ತಲೇ, ಒಂದು ಪಡಿಯಚ್ಚು ತೆಗೆದಿಡಿ. ಹೇಗಾಯಿತೆಂದು ಫೋನ್ ಮಾಡಿ ಹೇಳಿ.