ಮಳೆಯ ನೆರಳಿನಲ್ಲಿ ಚಳ್ಳಕೆರೆ

ಒಂದೇ ಮುಂಗಾರು ಗಾಳಿ ಎರಡೂ ಊರುಗಳ ಮೇಲೆ ಹಾಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿಂದ ಇನ್ನೂರು ಕಿಲೋಮೀಟರಿನೊಳಗಿರುವ ಚಳ್ಳಕೆರೆಯಲ್ಲಿ ಶೇಂಗಾ ಬಿತ್ತಿದ ರೈತ 500 ಮಿಲಿಮೀಟರಿನ ಆಸುಪಾಸಿನಲ್ಲೇ ವರ್ಷ ದೂಡಬೇಕು. ಏಕೆ ಹೀಗೆ?

ಸೈಕಲ್ ಪಂಪು ಒತ್ತಿದ ಮಕ್ಕಳಿಗೆ ಅರ್ಧ ಉತ್ತರ ಗೊತ್ತು: ಒತ್ತಿದ ಗಾಳಿ ಬಿಸಿಯಾಗುತ್ತದೆ. ಹಿಗ್ಗಿದರೆ ತಣ್ಣಗಾಗುತ್ತದೆ. ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗಿ, ತಣಿದು, ಅದರ ಆವಿ ಹನಿಯಾಗಿ ಘಟ್ಟದ ಮೇಲೇ ಸುರಿದುಬಿಡುತ್ತದೆ. ಆಚೆ ಬದಿಗೆ ಇಳಿಯುವಾಗ ಅದೇ ಗಾಳಿ ಕುಗ್ಗಿ ಬಿಸಿಯಾಗುತ್ತದೆ. ಉಳಿದ ಮೋಡವೂ ಕರಗುತ್ತದೆ. ಪಠ್ಯಪುಸ್ತಕದ 'ಮಳೆಯ ನೆರಳಿನ ಪ್ರದೇಶ' ಇದೇ. ಎರಡು ಅಂಕಕ್ಕೆಂದು ಬಾಯಿಪಾಠ ಮಾಡಿ ಮರೆಯುವಂಥದ್ದಲ್ಲ!

ಗಾಳಿ ಕೊಡದ್ದನ್ನು ನೆಲ ಒಂದಿಷ್ಟು ಕೊಡುತ್ತದೆ. ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ. ಹಾಗಾಗಿ ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿ ಹತ್ತಿರದ ಕಡಲಿಗೆ ಬೆನ್ನು ಹಾಕಿ ಬರದ ಸೀಮೆಯತ್ತ ಹರಿಯುತ್ತದೆ. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು ಅದನ್ನು ಹಿಡಿದಿಟ್ಟಿದೆ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ತಾತಂದಿರು ಕಂಡದ್ದನ್ನು ಮರಿಮಕ್ಕಳು ಕಂಡರು.