ಬಚ್ಚಲಮನೆಯ ಬಂಬ: ನೀರು ಮೊದಲು, ಬೆಂಕಿ ಅನಂತರ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ, ನಿಪ್ಪಾಣಿಗಳ ನಡುವೆ ಇರುವ ಕಣಗಲಾ ಗ್ರಾಮದ ಸೀಮೆಯಲ್ಲಿ ‘ಬಾಯ್ಲರ್’ ಎಂದೊಡನೆ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆಯ ನೆನಪಾಗುವುದು ಸಹಜ. ಅಲ್ಲಿ ಕಬ್ಬಿನ ಸಿಪ್ಪೆಯನ್ನು ಉರಿಸಿ ನೀರನ್ನು ಉಗಿಯಾಗಿ ಮಾರ್ಪಡಿಸುತ್ತಾರೆ. ಆದರೆ ಅದೇ ವಂಶಕ್ಕೆ ಸೇರಿದ ಪುಟ್ಟ ಯಂತ್ರವೊಂದು ಈ ಸೀಮೆಯ ಎಷ್ಟೋ ಮನೆಗಳ ಬಚ್ಚಲಲ್ಲಿಯೂ ಉಂಟು. ಅದೇ ತಾಮ್ರದ ಬಂಬ. ವಿದ್ಯುತ್ ಹೀಟರುಗಳೂ ಸೌರ ಜಲತಾಪಕಗಳೂ ಬಂದ ಮೇಲೆ ಬಳಕೆ ಕಡಿಮೆಯಾಗಿದ್ದರೂ, ಉಷ್ಣಶಾಸ್ತ್ರದ ವಿದ್ಯಾರ್ಥಿಗೆ ಅದು ಇಂದಿಗೂ ಒಳ್ಳೆಯ ಪಾಠಶಾಲೆ.

ಬಂಬದ ರಚನೆ ಸರಳವಾದುದು. ಎತ್ತರವಾದ ತಾಮ್ರದ ಪಾತ್ರೆ. ಅದರ ನಟ್ಟನಡುವೆ ತಳದಿಂದ ತುದಿಯವರೆಗೆ ಹಾಯ್ದ ಒಂದು ಕೊಳವೆ. ಕೊಳವೆಯ ಬುಡದಲ್ಲಿ ಜಾಲರಿ, ಅದರ ಕೆಳಗೆ ಬೂದಿಯ ತಟ್ಟೆ. ಕಟ್ಟಿಗೆಯ ಚೂರು, ಇದ್ದಲು, ಕುಳ್ಳು ಮೊದಲಾದುವು ಕೊಳವೆಯೊಳಗೆ ಉರಿಯುತ್ತವೆ. ನೀರು ಅದನ್ನು ಸುತ್ತುವರಿದಿರುತ್ತದೆ. ಆದುದರಿಂದ, ಹಂಡೆಯ ಒಲೆಯಲ್ಲಿ ಪಕ್ಕಕ್ಕೆ ಹರಿದು ವ್ಯರ್ಥವಾಗುವ ಶಾಖದಲ್ಲಿ ಬಹಳಷ್ಟು ಇಲ್ಲಿ ನೀರಿಗೇ ಸಲ್ಲುತ್ತದೆ. ಕೊಳವೆಯ ಬಿಸಿ ಗಾಳಿ ಹಗುರವಾಗಿ ಮೇಲೇರಿದಂತೆ, ಜಾಲರಿಯ ಮೂಲಕ ಹೊಸ ಗಾಳಿ ತಾನಾಗಿಯೇ ಒಳನುಗ್ಗುತ್ತದೆ. ಊದುವ ಶ್ರಮವಿಲ್ಲ.

ಬಂಬದ ಜಾಣ್ಮೆಯೆಲ್ಲ ಅದರ ಆಲಿಕೆಯಲ್ಲಿದೆ. ಆಲಿಕೆಗೆ ಸುರಿದ ತಣ್ಣೀರು ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ಹಗುರವಾದ ಬಿಸಿನೀರು ಮೇಲ್ಗಡೆಯ ನಳದಿಂದ ಹೊರಬೀಳುತ್ತದೆ. ಒಂದು ಕೊಡ ಸುರಿದರೆ ಸುಮಾರು ಒಂದು ಕೊಡ ದೊರೆಯುತ್ತದೆ. ಅಂದರೆ, ಪಾತ್ರೆ ಎಂದಿಗೂ ಬರಿದಾಗುವುದಿಲ್ಲ.

ಬರಿದಾದರೆ ಏನಾಗುತ್ತದೆ? ನೀರಿರುವವರೆಗೆ, ಬೆಂಕಿ ಎಷ್ಟೇ ಪ್ರಖರವಾಗಿದ್ದರೂ, ಕೊಳವೆಯ ಲೋಹದ ಉಷ್ಣಮಾನ ೧೦೦° ಸೆಂ.ಗಿಂತ ಹೆಚ್ಚೇನೂ ಮೇಲೇರದು; ಬಂದ ಶಾಖವನ್ನೆಲ್ಲ ನೀರು ಹೀರಿಕೊಳ್ಳುತ್ತದೆ. ನೀರಿಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಅದು ನೂರಾರು ಅಂಶ ಏರಬಲ್ಲದು. ತಾಮ್ರ ಕರಗುವುದು ೧೦೮೫° ಸೆಂ.ನಲ್ಲಿ, ನಿಜ, ಆದರೆ ತವರ-ಸೀಸದ ಬೆಸುಗೆ ೧೮೩° ಸೆಂ.ನಲ್ಲಿಯೇ ಕರಗತೊಡಗುತ್ತದೆ. ಹಾಗೆ ಕಾದ ಪಾತ್ರೆಗೆ ಗಾಬರಿಯಿಂದ ತಣ್ಣೀರು ಸುರಿದರೆ ಸುಡುವ ಉಗಿ ಮುಖಕ್ಕೇ ಚಿಮ್ಮುವುದು. ಮೊದಲು ಬೆಂಕಿಯನ್ನು ತೆಗೆದು, ಪಾತ್ರೆ ಆರುವವರೆಗೆ ಕಾಯುವುದೇ ಸರಿಯಾದ ಕ್ರಮ.

ಆಲಿಕೆಯ ಬಾಯನ್ನು ಬಿಗಿಯಾಗಿ ಮುಚ್ಚುವುದೂ ಅಪಾಯಕರ. ಒಂದು ಲೀಟರ್ ನೀರು ಪೂರ್ಣವಾಗಿ ಉಗಿಯಾದರೆ ವಾತಾವರಣದ ಒತ್ತಡದಲ್ಲಿ ಸುಮಾರು ೧,೬೭೦ ಲೀಟರ್ ಸ್ಥಳವನ್ನು ವ್ಯಾಪಿಸುತ್ತದೆ. ಹೊರದಾರಿಯಿಲ್ಲದ ಉಗಿ ಪಾತ್ರೆಯನ್ನೇ ಸೀಳಬಲ್ಲದು.

ಚಳಿನಾಡುಗಳ ಅನೇಕ ಮನೆಗಳಲ್ಲಿ ಕೋಣೆಗಳನ್ನು ಬೆಚ್ಚಗಿಡಲು ಎಣ್ಣೆಯಿಂದ ಉರಿಯುವ ಬಾಯ್ಲರುಗಳಿವೆ. ಅವುಗಳಲ್ಲಿಯೂ ನಿಯಮ ಇದೇ. ಮೊದಲು ನೀರಿನ ಒತ್ತಡವನ್ನು ನೋಡಬೇಕು. ಗುಂಡಿಯನ್ನು ಒತ್ತಿದಾಗ ಪಂಖವು ಒಳಗೆ ಉಳಿದಿರಬಹುದಾದ ಎಣ್ಣೆಯ ಆವಿಯನ್ನು ಹೊರದೂಡುತ್ತದೆ. ಆಮೇಲೆ ಸೂಕ್ಷ್ಮ ತುಂತುರಾಗಿ ಸಿಡಿದ ಎಣ್ಣೆಗೆ ವಿದ್ಯುತ್ ಕಿಡಿ ತಾಕುತ್ತದೆ. ಜ್ವಾಲೆ ಮೂಡದಿದ್ದರೆ ಬೆಳಕನ್ನು ಗುರುತಿಸುವ ಸಾಧನವು ಎಣ್ಣೆಯನ್ನು ನಿಲ್ಲಿಸಿಬಿಡುತ್ತದೆ. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ತಪ್ಪು. ಉರಿಯದ ಎಣ್ಣೆ ಒಳಗೆ ಶೇಖರಗೊಂಡು, ಕೊನೆಗೆ ಒಮ್ಮೆಲೇ ಹೊತ್ತಿಕೊಳ್ಳಬಹುದು.

ಇನ್ನು ಬಂಬದ ಪಾಲನೆಯನ್ನು ನೋಡೋಣ. ಬೂದಿಯನ್ನು ಪ್ರತಿದಿನವೂ ತೆಗೆಯಬೇಕು. ತಟ್ಟೆ ತುಂಬಿದರೆ ಗಾಳಿಯ ದಾರಿ ಕಟ್ಟಿ ಹೊಗೆ ಹೆಚ್ಚುತ್ತದೆ. ಕೊಳವೆಗೆ ಅಂಟಿದ ಮಸಿಯನ್ನು ಆಗಾಗ ಕೆರೆಯಬೇಕು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ವಿಭಜನೆಗೊಂಡು, ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಳಿಯ ಪದರವಾಗಿ ಒಳಗೋಡೆಗೆ ಕಟ್ಟುತ್ತದೆ. ತಾಮ್ರವು ಈ ಪದರಕ್ಕಿಂತ ನೂರಾರು ಪಟ್ಟು ಉತ್ತಮ ಉಷ್ಣವಾಹಕ. ಆದುದರಿಂದ ತೆಳು ಪದರವೂ ಶಾಖಕ್ಕೆ ಅಡ್ಡಿ. ಬೆಂಕಿಯಿಲ್ಲದ ಬಂಬದಲ್ಲಿ ನೀರು ಬೆರೆಸಿದ ವಿನೆಗರನ್ನು ಕೆಲವು ಗಂಟೆ ಬಿಟ್ಟರೆ, ಪದರವು ಗುಳ್ಳೆಯೆದ್ದು ಸಡಿಲಗೊಳ್ಳುತ್ತದೆ. ಬಳಿಕ ಚೆನ್ನಾಗಿ ತೊಳೆಯತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಉರಿಯುವ ಬಂಬವನ್ನು ಮುಚ್ಚಿದ ಬಚ್ಚಲಲ್ಲಿ ಎಂದಿಗೂ ಇಡಬಾರದು. ಗಾಳಿ ಸಾಲದ ಬೆಂಕಿಯಿಂದ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟುವುದರಿಂದ, ಸ್ನಾನಕ್ಕೆ ಹೋದವರು ಅರಿವಿಲ್ಲದೆ ಕುಸಿಯಬಹುದು. ಹೊಗೆ ಕಾಣದಿದ್ದರೂ, ಕೆಂಪಗೆ ಹೊಳೆಯುವ ಇದ್ದಲೇ ಸಾಕು. ಬಂಬವನ್ನು ಅಂಗಳದಲ್ಲಿ ಹೊತ್ತಿಸಿ ನೀರನ್ನು ಮಾತ್ರ ಒಳಗೆ ಒಯ್ಯುವುದು ಕ್ಷೇಮ.

ಕಾರಖಾನೆಯ ಬಾಯ್ಲರುಗಳನ್ನು ಸರಕಾರದ ಅಧಿಕಾರಿಗಳು ಪರೀಕ್ಷಿಸುತ್ತಾರೆ. ಅದಕ್ಕಾಗಿ ಇದ್ದ ೧೯೨೩ರ ಕಾಯಿದೆಯ ಸ್ಥಾನದಲ್ಲಿ ೨೦೨೫ರಲ್ಲಿ ಹೊಸ ಕಾಯಿದೆ ಬಂದಿದೆ. ಒತ್ತಡವಿಲ್ಲದ, ಬಾಯಿ ತೆರೆದ ಬಂಬ ಅದರ ವ್ಯಾಪ್ತಿಗೆ ಸೇರದು. ಆದುದರಿಂದ ನೀರು, ಗಾಳಿ, ಉಗಿಯ ದಾರಿ ಇವು ಮೂರನ್ನೂ ಬೆಂಕಿ ಹಚ್ಚುವ ಮೊದಲೇ ನೋಡುವ ಹೊಣೆ ಮನೆಯವರದೇ.